ಶ್ರೇಣಿಕನ ಚೌಕಶಿ

ಶ್ರೇಣಿಕ ಹೆಂಡತಿಯನ್ನು ಪೆಟ್ರೋಲ್ ಪಂಪಿನಲ್ಲಿ ಬಿಟ್ಟು ಬಂದ. ಪೆಟ್ರೋಲ್ ಹಾಕಿಸಲು ಪೂನಮ ಗಾಡಿಯಿಂದ ಇಳಿದಿದ್ದಳು. ಅವನು ಅವಳೊಂದಿಗೆ ದ್ರಾಕ್ಷಿಯ ಧಾರಣೆ ಮಾತಾಡುತ್ತಲೇ ತನ್ನೂರು ಸದಲಗಾ ಮುಟ್ಟಿದ. ಮನೆ ಮುಂದೆ ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಚೀಲ ಮಾತ್ರ ಗಂಭೀರವಾಗಿ ಕೂತಿತ್ತು.

ಪೂನಮ ಅಲ್ಲಿಂದಲೇ ತವರೂರು ಭೋಜಕ್ಕೆ ಬಸ್ಸು ಹತ್ತಿದಳು.

“ನಿಮಗ ನನ್ನ ಮ್ಯಾಲೆ ಲಕ್ಷ್ಯನ ಇಲ್ಲ,” ಎಂದಳು ಫೋನಿನಲ್ಲಿ.

ಲಕ್ಷ್ಯ ಯಾವುದರ ಮೇಲೂ ನಿಲ್ಲುವುದಿಲ್ಲ, ತಾನು ಹುಟ್ಟಿದಾಗಿನಿಂದ ಹೀಗೇ ಎಂದು ಅವನು ಗೋಗರೆದ. ಅದನ್ನು ಡಾಕ್ಟರು ಹೇಳಿದರೆ ಮರಳಿ ಬರುವೆನೆಂದು ಅವಳು.

ನಿಪ್ಪಾಣಿಯ ಮನೋವೈದ್ಯೆಯ ದವಾಖಾನೆಗೆ ಫೋನ್ ಮಾಡಿ ಕೇಳಿದಾಗ, ಚಿಕ್ಕಂದಿನಿಂದ ಬಲ್ಲವರನ್ನು ಕರೆತನ್ನಿ, ಸ್ವಲ್ಪ ಚೌಕಶಿ ಮಾಡುವುದಿದೆ ಎಂದರು. ಶ್ರೇಣಿಕ ಈ ಮಾತನ್ನು ಇದ್ದಂತೆಯೇ ಅವ್ವ ರಾಜಮತಿಗೆ ಹೇಳಿದ. ಕೆಟ್ಟದ್ದು ಅಲ್ಲೇ.

ಈ ಕಡೆ ಹುಡುಗನ ಚೌಕಶಿ ಎಂದರೆ ಹೆಣ್ಣು ಕೊಡುವವರು ಬಂದು ವಿಚಾರಿಸುವುದು. ಆಗ ಇಡೀ ಓಣಿ ಒಂದಾಗಿ ಹುಡುಗನನ್ನು ಹಿತ್ತಾಳೆ ಬಿಂದಿಗೆಯಂತೆ ತಿಕ್ಕಿ ಹೊಳೆಯಿಸುತ್ತದೆ. ಇದು ದವಾಖಾನೆಯ ಚೌಕಶಿಯೆಂದು ರಾಜಮತಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಅವಳು ಇಳಕಲ್ ಸೀರೆ ಉಟ್ಟಳು. ನೆರೆಮನೆಯ ರಾವಸಾಹೇಬ ಕಾಕಾ ಕರೆಯದಿದ್ದರೂ ತಲೆಗೆ ಪಟಕಾ ಸುತ್ತಿಕೊಂಡು ಬಂದ.

ಶ್ರೇಣಿಕ ಇಬ್ಬರನ್ನೂ ತಪ್ಪಿ ಚಿಕ್ಕೋಡಿ ಬಸ್ಸಿಗೆ ಹತ್ತಿಸಿದ. ಇಳಿದು ನಿಪ್ಪಾಣಿ ಬಸ್ಸು ಹಿಡಿದರು. ಅವನ ಚಪ್ಪಲಿ ಅದರಲ್ಲೇ ಉಳಿಯಿತು. ಬರಿಗಾಲಲ್ಲಿ ಹೋಗಿ ಪಕ್ಕದ ದವಾಖಾನೆಯ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತ. ಆದರೂ ಅವನಿಗೆ ಒಳಗೊಳಗೇ ಖುಷಿ. ಇಷ್ಟು ಪುರಾವೆ ಯಾರಿಗೆ ಸಿಗುತ್ತದೆ?

ಕೊನೆಗೂ ಸರಿಯಾದ ಬಾಗಿಲು ಸಿಕ್ಕಿತು. ಸಣ್ಣವನಿದ್ದಾಗ ಹೇಗಿದ್ದ ಎಂದು ಮನೋವೈದ್ಯೆ ಡಾಕ್ಟರಬಾಯಿ ಕೇಳಿದರು. ರಾಜಮತಿ ಸೆರಗು ಸರಿಮಾಡಿಕೊಂಡಳು.

“ಏನ್ ಹೇಳ್ಲಿರಿ. ಬಸದಿಯಾಗ ಮುನಿ ಮಹಾರಾಜ್ರ ಪ್ರವಚನ ಮುಗಿಯೂತನಾ ಮೂರ್ತಿ ಕೂತಂಗ ಕೂಡಾಂವ.”

“ಇಂವ ಸಾಲಿಗೆ ಹೊಂಟಿದ್ದ ನೋಡಿ ನಾವು ಗಡಿಯಾರ ಸರಿ ಮಾಡ್ಕೋತಿದ್ವಿ,” ಎಂದ ಕಾಕಾ.

ಶ್ರೇಣಿಕ ನಡುವೆ ಬಾಯಿ ಹಾಕಿದ. “ಕಾಕಾ, ನಾ ಪಾಟಿಚೀಲ ಬಿಟ್ಟು ನಿಮ್ಮ ಎಮ್ಮಿ ಹಗ್ಗ ಹಿಡಕೊಂಡು ಸಾಲಿಗೆ ಹೋಗಿದ್ನೆಲ್ರಿ?”

“ಅದು ಎಮ್ಮಿ ತಪ್ಪು,” ಎಂದ ಕಾಕಾ, ಡಾಕ್ಟರರ ಕಡೆ ತಿರುಗಿ.

ಲಕ್ಷ್ಯ ನಿಲ್ಲದ ಈ ತೊಂದರೆ ಚಿಕ್ಕಂದಿನಿಂದ ಇದ್ದರಷ್ಟೇ ಅದನ್ನು ಕಾಯಿಲೆಯೆಂದು ಬರೆದುಕೊಡಲಾಗುತ್ತದೆ ಎಂದು ಡಾಕ್ಟರಬಾಯಿ ತಿಳಿಸಿದರು. ಹಾಗಾದರೆ ಶುರುವಾದದ್ದು ಯಾವಾಗ?

ರಾಜಮತಿ ಯೋಚಿಸಿದಳು. ಮಗನ ಮೇಲೆ ಚುಕ್ಕೆ ಬೀಳಬಾರದು, ಪೆಟ್ರೋಲ್ ಪಂಪನ್ನು ಅಲ್ಲಗಳೆಯುವಂತೆಯೂ ಇಲ್ಲ.

“ನಮ್ಮ ಕೈಯಾಗ ಇರೂತನಾ ಬಂಗಾರದಂಗ ಇದ್ದ ನೋಡ್ರಿ,” ಎಂದಳು ಹೆಮ್ಮೆಯಿಂದ. “ಇದೆಲ್ಲಾ ಲಗ್ನ ಆದ ಮ್ಯಾಲಿಂದು.”

ಕಾಕಾ ಹೌದೆಂದು ಪಟಕಾ ಅಲ್ಲಾಡಿಸಿದ.

ಆಗ ಶ್ರೇಣಿಕನ ಜೇಬು ಕೆಮ್ಮಿತು. ಈಗ ಒಳಗೆ ಹೊರಟೆ ಎಂದು ಹೇಳಲು ಬಾಗಿಲಲ್ಲಿ ಭೋಜಕ್ಕೆ ಹಚ್ಚಿದ ಫೋನನ್ನು ಅವನು ಬಂದ್ ಮಾಡಿರಲೇ ಇಲ್ಲ.

“ಹಂಗಾದ್ರ ರೋಗ ಭೋಜದಾಗ ಇರ್ಲಿ ಬಿಡ್ರಿ,” ಎಂದಿತು ಪೂನಮಳ ದನಿ. “ನೀವು ಅಲ್ಲೇ ಅರಾಮ ಇರ್ರಿ.”