ಬಾಟಲಿ ಬಿಟ್ಟವನ ಬಾಯಾರಿಕೆ

ಚಟ ಬಿಡುವವರಲ್ಲಿ ಎರಡು ಬಗೆ. ಬಿಟ್ಟು ಸುಮ್ಮನಿರುವವರು ಕೆಲವರು, ಬಿಡುವ ಮೊದಲೇ ಊರಿಗೆಲ್ಲ ಡಂಗುರ ಸಾರುವವರು ಉಳಿದವರು. ನಾನು ಡಂಗುರದ ಗುಂಪಿನವನು. ತೀರ್ಥಹಳ್ಳಿಯ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, "ಶುಗರ್ ಬಾಗಿಲಿಗೆ ಬಂದು ನಿಂತಿದೆ ಮೇಷ್ಟ್ರೇ, ಒಳಗೆ ಕರೀಬೇಡಿ" ಅಂದರು. ಮಾರನೆಯ ದಿನವೇ ಏಳನೇ ಕ್ಲಾಸಿನ ಮಕ್ಕಳ ಮುಂದೆ ಕೂಲ್‌ಡ್ರಿಂಕ್ಸ್ ಎಂಬ ವಿಷದ ಬಗ್ಗೆ ಒಂದು ಪಿರಿಯಡ್ ಪೂರ್ತಿ ಭಾಷಣ ಬಿಗಿದೆ. ಹೆಂಡತಿ ಸುಮಿತ್ರಾಗೆ ಆರೋಗ್ಯದ ಜೊತೆಗೆ ಖರ್ಚಿನ ಚಿಂತೆಯೂ ಇತ್ತು. "ನೀವು ತಿಂಗಳಿಡೀ ಕುಡಿಯೋ ದುಡ್ಡಿಗೆ ಒಂದು ಸಿಲಿಂಡರ್ ಬರ್ತದೆ ಕಣ್ರೀ" ಅನ್ನುತ್ತಿದ್ದಳು. ಅಂದಿನಿಂದ ನಾನು ಒಂದು ಬಾಟಲಿಯನ್ನೂ ಕೊಂಡಿಲ್ಲ. ಇದು ಸತ್ಯ.

ಆದರೆ ಕೊಳ್ಳುವುದನ್ನು ಬಿಟ್ಟೆನೇ ಹೊರತು ಕುಡಿಯುವುದನ್ನಲ್ಲ. ಮತದಾರರ ಪಟ್ಟಿಯ ಕೆಲಸ ನನ್ನ ತಲೆಗೆ ಬಿದ್ದು, ಮನೆಮನೆ ಸುತ್ತುವ ಯೋಗ ಬಂತು. ನಮ್ಮ ಕಡೆ ಬಂದವರಿಗೆ ಬಾಯಾರಿಕೆಗೆ ಏನಾದರೂ ಕೊಡದೆ ಯಾರೂ ಕಳಿಸುವುದಿಲ್ಲ, ಬೇಡ ಅಂದರೆ ಮನೆಯವರಿಗೆ ಬೇಜಾರು. ಈಗ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ನನ್ನ ಹಳೆಯ ಸ್ನೇಹಿತ ಕಾದಿರುತ್ತಾನೆ. ಜನರ ಮನಸ್ಸು ನೋಯಿಸಬಾರದೆಂದು ನಾನು ದಿನಕ್ಕೆ ನಾಲ್ಕು ಲೋಟದವರೆಗೂ ತ್ಯಾಗ ಮಾಡಿದ್ದುಂಟು.

ಹೀಗೆ ಒಂದು ಮಧ್ಯಾಹ್ನ ಮೇಗರವಳ್ಳಿ ಹತ್ತಿರದ ಶೇಷಮ್ಮನವರ ಮನೆಗೆ ಹೋದೆ. ಎಪ್ಪತ್ತು ದಾಟಿದ, ಮಂಡಿನೋವಿನ ಹೆಂಗಸು.

"ಬಿಸಿಲಲ್ಲಿ ಬಂದೀರಿ, ಬಾಯಾರಿಕೆಗೆ ಎಂತ ಕೊಡ್ಲಿ? ಮಜ್ಜಿಗೆ ಉಂಟು. ಬೆಲ್ಲ ನೀರು ಕೊಡ್ಲಾ?"

"ಮಜ್ಜಿಗೆ ನಂಗೆ ಶೀತ ಆಗ್ತದೆ. ಬೆಲ್ಲ ಡಾಕ್ಟರು ಬೇಡ ಅಂದಿದಾರೆ."

"ಮತ್ತೆ?"

"ಎಂತದೂ ಬೇಡಮ್ಮ... ಬಾಟಲಿದು ಇದ್ರೆ ಒಂಚೂರು."

"ಕೂತಿರಿ, ತರ್ತೀನಿ" ಅಂತ ಒಳಗೆ ಹೋದರು. ನಾನು ಜಗಲಿಯಲ್ಲಿ ಕೂತು ಫಾರಂ ತುಂಬಿದೆ. ತುಂಬಿ ಮುಗಿದರೂ ಅವರ ಸುಳಿವಿಲ್ಲ. ಕರೆದರೆ ಉತ್ತರವಿಲ್ಲ. ಎದ್ದು ಅಂಗಳಕ್ಕೆ ಬಂದು ನೋಡಿದೆ. ಟಾರು ರಸ್ತೆಯಿಂದ ಮೇಲೆ ಬರುವ ಏರಿನಲ್ಲಿ, ಒಂದು ಕೈಯಲ್ಲಿ ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದುಕೊಂಡು ಶೇಷಮ್ಮ ನಿಂತು ನಿಂತು ಹತ್ತುತ್ತಿದ್ದರು. ಹಿತ್ತಲ ಬಾಗಿಲಿನಿಂದ ಇಳಿದು ಅಂಗಡಿಗೇ ಹೋಗಿದ್ದರು! ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನಿಸಿತು. ಓಡಿಹೋಗಿ ಬಾಟಲಿ ಇಸಿದುಕೊಂಡು, "ಎಂತಕ್ಕಮ್ಮ ಇದೆಲ್ಲ?" ಅಂದೆ. ಅಷ್ಟು ಕೇಳುವುದಕ್ಕೂ ನನಗೆ ಮುಖವಿರಲಿಲ್ಲ.

"ಬಂದವ್ರನ್ನ ಒಣಗಂಟಲಲ್ಲಿ ಕಳ್ಸಕ್ಕಾಗ್ತದಾ ಮೇಷ್ಟ್ರೇ?" ಅಂದರು, ಏದುಸಿರು ಬಿಡುತ್ತಾ. "ನಮ್ಮನೇಲಿ ಇದ್ನ ಕುಡಿಯೋರಿಲ್ಲ, ಅದ್ಕೇ ಇಟ್ಟಿರ್ಲಿಲ್ಲ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯಬಾರದಂತೆ, ನಾನು! ನನಗೆ ದೊಡ್ಡ ಸ್ಟೀಲ್ ಲೋಟದ ತುಂಬ ಸುರಿದು ಕೊಟ್ಟರು. ತಾವು ಮಾತ್ರ ಮಜ್ಜಿಗೆ ಕುಡಿಯುತ್ತಾ, ಮಂಡಿ ತಿಕ್ಕಿಕೊಳ್ಳುತ್ತಾ ಎದುರಿಗೆ ಕೂತರು. ನಾನು ತಲೆ ಎತ್ತದೆ ಕುಡಿದೆ. ಆ ಸ್ಥಿತಿಯಲ್ಲಿ ಗಂಟಲಲ್ಲಿ ಇಳಿಯಬಾರದಿತ್ತು. ಸಲೀಸಾಗಿ ಇಳಿಯಿತು. ರುಚಿಯಾಗಿಯೂ ಇತ್ತು.

"ಇನ್ನೊಂಚೂರು ಹಾಕ್ಲಾ?" ಅಂದರು ಶೇಷಮ್ಮ.

ಬೇಡ ಅನ್ನಲೆಂದೇ ಬಾಯಿ ತೆರೆದೆ.

"ಅರ್ಧ ಸಾಕು" ಅಂದೆ.