ಅಳಿಯ ಬರುವ ಭಾನುವಾರ

ಬಾಣಂತಿಯ ಗಂಡನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಈ ಲೋಕದಲ್ಲಿ ಇನ್ನೊಂದಿಲ್ಲ. ಇದು ಸ್ವಂತ ಅನುಭವದ ಮಾತು. ಅರಸೀಕೆರೆಯ ಮಂಡಿಯೊಂದರಲ್ಲಿ ನಾನು ಗುಮಾಸ್ತ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲೆ. ಹೆಂಡತಿಯ ಮುಖ ನೋಡಿ ಒಳಗೇನಿದೆ ಹೇಳು ಎಂದರೆ, ಶಿವನೇ, ನನ್ನಿಂದಾಗುವುದಿಲ್ಲ.

ಗಿರಿಜಾ ಬಾಣಂತನಕ್ಕೆ ಮಾದಿಹಳ್ಳಿಯ ತವರಿನಲ್ಲಿದ್ದಳು. ಭಾನುವಾರ ಬಂತೆಂದರೆ ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ ನಾನು ಅಲ್ಲಿ ಹಾಜರು. ಅತ್ತೆ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಕಾಲಿಗೆ ನೀರು ಕೊಟ್ಟು, ಮಗುವನ್ನು ಮಂಗಳಾರತಿ ತಟ್ಟೆಯಂತೆ ನನ್ನ ಮುಂದೆ ಹಿಡಿದು, ತಕ್ಷಣ ಒಳಗೆ ಒಯ್ಯುತ್ತಿದ್ದರು. "ಎತ್ಕೊಳ್ಲಾ?" ಅಂದರೆ, "ಅಯ್ಯೋ, ಬಟ್ಟೆ ಒದ್ದೆ ಮಾಡ್ತೈತೆ. ನೀವು ಕುಂತ್ಕಳಿ ಅಳಿಯಂದ್ರೇ" ಅನ್ನುವರು. ನಾನು ಕುಳಿತುಕೊಳ್ಳುತ್ತಿದ್ದೆ. ಕುಳಿತುಕೊಳ್ಳುವುದರಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಹೆಸರಿದೆ.

ಹೀಗಿರುವಾಗ ಗಿರಿಜಾ ಹೊತ್ತುಗೊತ್ತಿಲ್ಲದೆ ಅಳಲು ಶುರುಮಾಡಿದಳು. "ಬಾಣಂತಿ ಅತ್ರೆ ಕಣ್ಣಿಗೆ ಕೆಟ್ಟದ್ದು ಕಣೇ" ಎಂದು ಅತ್ತೆ ಗದರಿದರು, ದೃಷ್ಟಿಯನ್ನೂ ತೆಗೆದರು. ನಾನು ಅರಸೀಕೆರೆಯಿಂದ ಕಿತ್ತಳೆ ಹಣ್ಣು ತಂದೆ. ಬಾಣಂತಿಗೆ ಶೀತ ಅಂತ ಅತ್ತೆ ಅದನ್ನು ಬಿಡಿಸಿ ನನಗೇ ತಿನ್ನಿಸಿದರು. ಕೊನೆಗೊಂದು ಭಾನುವಾರ ಕೋಣೆಯ ಬಾಗಿಲಲ್ಲಿ ನಿಂತು ಅವಳನ್ನೇ ಕೇಳಿದೆ, "ಏನಾಗಿದೆ ನಿಂಗೆ?"

"ನಿದ್ದೆ ಇಲ್ಲ ಕಣ್ರೀ. ಬೇರೆ ದಿನ ಅಮ್ಮ ಸ್ವಲ್ಪ ಹೊತ್ತು ಮಗು ಎತ್ಕೋತಾಳೆ. ಭಾನುವಾರ ನೀವು ಬರ್ತೀರಂತ ಬೆಳಗ್ಗೆಯಿಂದ ಒಬ್ಬಟ್ಟು ತಟ್ಕೊಂಡು ಒಲೆ ಮುಂದೆ ಕೂತಿರ್ತಾಳೆ. ಈ ಮಗುನ ಎಲ್ಲಾದ್ರೂ ಬಿಟ್ಟು ಹೋಗ್ಬಿಡೋಣ ಅನ್ಸುತ್ತೆ. ಆಮೇಲೆ, ನಾನೆಂಥ ತಾಯಿ ಅಂತ ಅಳು ಬರುತ್ತೆ."

ಅವಳನ್ನು ನೋಡಲು ನಾನು ಬರುವ ದಿನವೇ ಅವಳಿಗೆ ವಾರದ ಕೆಟ್ಟ ದಿನ! ಮಗುವನ್ನು ಇಸಿದುಕೊಂಡು, "ಮಲಗು" ಎಂದು ಹೇಳಿ ಕುರ್ಚಿಯಲ್ಲಿ ಕುಳಿತೆ. ಮಗು ನನ್ನ ಹೊಸ ಪ್ಯಾಂಟನ್ನು ತೋಯಿಸಿತು. ನಾನು ಕದಲಲಿಲ್ಲ. ಒಳಗಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ಮದುವೆಯಾದ ಮೇಲೆ ನಾನು ಅವಳಿಗೆ ಮಾಡಿದ ಮೊದಲ ಉಪಕಾರ ಇದೇ ಇರಬೇಕು ಅಂದುಕೊಂಡೆ.

ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿ ಅತ್ತೆ ಹೊರಬಂದರು. "ಶಿವಶಿವಾ! ಅಳಿಯಂದ್ರ ಕೈಲಿ ಮಗು ಕೊಟ್ಟು ಮಲಗವ್ಳಲ್ಲ! ನೋಡ್ದೋರು ಏನಂದಾರು? ಏಳೇ ಗಿರಿಜಾ, ಮಗು ಇಸ್ಕೋ, ನಿನ್ ಗಂಡ ಉಣ್ಬೇಕು!"

"ಮಲಗಿರಲಿ ಅತ್ತೆ, ಆಮೇಲೆ ಉಣ್ತೀನಿ" ಅನ್ನಬೇಕಿತ್ತು. ಗಿರಿಜಾ ಎದ್ದು ಬಂದು, ನನ್ನ ಮುಖ ನೋಡದೆ ಮಗುವನ್ನು ತೆಗೆದುಕೊಂಡು ಹೋದಳು. ನಾನು ಒದ್ದೆ ಪ್ಯಾಂಟಿನಲ್ಲೇ ಎಲೆಯ ಮುಂದೆ ಕುಳಿತೆ. ಒಬ್ಬಟ್ಟು ಬಿಸಿಯಾಗಿತ್ತು, ತುಪ್ಪವೂ ಧಾರಾಳವಾಗಿತ್ತು. ಕೋಣೆಯಲ್ಲಿ ಮಗು ಅಳುತ್ತಿತ್ತು, ಅದರ ಜೊತೆ ಅವಳೂ. "ಇನ್ನೊಂದು ಹಾಕ್ಲಾ?" ಅಂದರು ಅತ್ತೆ. ಬೇಡ ಅಂದರೆ ಪಾಪ, ಅವರು ಬೇಜಾರು ಮಾಡಿಕೊಳ್ಳುತ್ತಾರೆಂದು ಹಾಕಿಸಿಕೊಂಡೆ.