ಗುಡ್ಡದ ಬುಡದಲ್ಲಿ ಮಾವನ ಚಪ್ಪಲಿ

ನಮ್ಮ ಸೋದರಮಾವನಿಗೆ ದೇವರು ಕಾಲು ಕೊಟ್ಟಿರುವುದು ನಡೆಯುವುದಕ್ಕಲ್ಲ, ಹತ್ತುವುದಕ್ಕೆ! ಅಂಗಡಿಗೆ ಹೋಗಿ ಬೆಲ್ಲ ತಾ ಎಂದರೆ ಮಂಡಿನೋವು. ಅವನೂರು ಸಿದ್ದಾಪುರದ ಹಿಂದಿನ ಬಂಡೆಗುಡ್ಡ ಕಂಡರೆ ಮಾತ್ರ ಹೋತನ ಅವತಾರ. ಗುಡ್ಡವೆಂದರೆ ಹಸಿರು ಗುಡ್ಡ ಎಂದುಕೊಳ್ಳಬೇಡಿ. ಯಾರೋ ರಾಕ್ಷಸರು ಮನೆ ಕಟ್ಟಲು ಕಲ್ಲು ಒಟ್ಟಿ, ಬಿಸಿಲು ತಾಳದೆ ಬಿಟ್ಟು ಓಡಿದಂತಿದೆ. ಅಲ್ಲೊಂದು ಇಲ್ಲೊಂದು ಕಳ್ಳಿ, ಅಷ್ಟೆ.

ತುದಿಯಲ್ಲಿ ದೇವರಿದೆ, ಹಾಗಾಗಿ ನಮ್ಮ ಕಡೆಯವರು ಬುಡದಲ್ಲೇ ಚಪ್ಪಲಿ ಬಿಡುತ್ತಾರೆ. ಮಾವನೂ ಬಿಡುತ್ತಾನೆ. ಆದರೆ ಹತ್ತಿದ ಕಡೆಯಿಂದ ಇಳಿದ ಚರಿತ್ರೆಯೇ ಇಲ್ಲ! ಆಚೆ ಇಳಿದು, ಬರಿಗಾಲಲ್ಲಿ ಹೊಲ ಸುತ್ತಿಕೊಂಡು ಮನೆಗೆ ಬರುತ್ತಾನೆ.

"ಯಾಕೆ ಮಾವ?" ಎಂದರೆ, "ಲೇ, ಹತ್ತಿದ ದಾರೀಲೇ ಇಳಿದ್ರೆ ಅರ್ಧ ಗುಡ್ಡಾನೇ ನೋಡ್ದಂಗಾತು" ಎನ್ನುತ್ತಾನೆ.

"ಇನ್ನರ್ಧ ಗುಡ್ಡ ಸುತ್ತೋಕೆ ನಾನಿದೀನಲ್ಲ!" ಎಂದು ಬೈಯುತ್ತ ಅತ್ತೆಯೇ ಹೋಗಿ ಚಪ್ಪಲಿ ತರುತ್ತಿದ್ದಳು. ತಳಕು ಊರಿನ ಚಪ್ಪಲಿ ಅಂಗಡಿಯವನು ಒಮ್ಮೆ ಹೇಳಿಯೇಬಿಟ್ಟ: "ಯಜಮಾನ್ರೆ, ಹೊಸ ಜೋಡು ನಿಮ್ಮ ಯಜಮಾನ್ತಿಗೆ ಕೊಡ್ಸ್ರಿ. ಸವೆಯೋದು ಅವ್ರದೇ!"

ಒಮ್ಮೆ ಮಾವ ನನ್ನನ್ನೂ ಗುಡ್ಡಕ್ಕೆ ಎಳೆದುಕೊಂಡು ಹೋದ. ಎರಡು ಬಂಡೆಗಳ ಸಂದಿಯಲ್ಲಿ ನನ್ನ ಹೊಟ್ಟೆ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ! ಮಾವ ಮೇಲೆ ಚಕ್ಕಳಮಕ್ಕಳ ಕೂತು ಮಂಡಕ್ಕಿ ಗಂಟು ಬಿಚ್ಚಿದ.

"ಉಸಿರು ಬಿಡು."

"ಬಿಟ್ಟೆ ಮಾವ."

"ಇನ್ನೂ ಬಿಡು."

"ಇನ್ನು ಬಿಟ್ರೆ ಪ್ರಾಣಾನೇ ಬಿಡ್ಬೇಕು!"

"ಹಂಗಾರೆ ಹೊಟ್ಟೆ ಕರಗೋಗಂಟ ಅಲ್ಲೇ ಇರು. ಮಂಡಕ್ಕಿ ನಾನೊಬ್ನೇ ತಿಂತೀನಿ."

ಹೇಗೆ ಹೊರಬಂದೆನೋ ಗೊತ್ತಿಲ್ಲ, ಮಂಡಕ್ಕಿಯಂತೂ ತಿಂದೆ.

ಹೋದ ವರ್ಷ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ರಾಡು ಹಾಕಿದರು, ಮೂಳೆ ಕೂಡಿತು. ದಿನಾ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದರು ಚಳ್ಳಕೆರೆಯ ಡಾಕ್ಟರು. ಅತ್ತೆ ಮಂಚ ಬಿಡಲಿಲ್ಲ. "ಮತ್ತೆ ಬಿದ್ರೆ?" ಎಂಬುದೊಂದೇ ಮಾತು. ಬೇಡಿಕೊಂಡೆವು, ಗದರಿದೆವು. ಉಹೂಂ!

ಮಾವ ಮಾತ್ರ ಒಂದು ದಿನ ಅಂಗಳದಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗುಡ್ಡಕ್ಕೆ ಹೊರಟ.

"ಏನ್ ಮಾವ, ಗುಡ್ಡ ಅಂಗಳದಿಂದ್ಲೇ ಶುರುವಾತಾ?" ಎಂದು ನಕ್ಕು ಎತ್ತಿಡಲು ಹೋದೆ. ಅವನು ಕಣ್ಣು ಕೆಂಪಗೆ ಮಾಡಿದ. ಕೈ ಹಿಂದಕ್ಕೆ ತೆಗೆದುಕೊಂಡೆ.

ಅತ್ತೆಗೆ ತಡೆಯಲಾಗಲಿಲ್ಲ. "ನಾಯಿ ಕಚ್ಕಂಡು ಹೋಗ್ತೈತೆ! ಈವಯ್ಯಂಗೆ ಬುದ್ಧಿ ಯಾವಾಗ ಬರ್ತೈತೋ!" ಎನ್ನುತ್ತ ಗೋಡೆ ಹಿಡಿದು ಬಂದು, ಊರುಗೋಲಿನಿಂದ ಚಪ್ಪಲಿಯನ್ನು ಒಳಗೆ ತಳ್ಳಿದಳು. ಕೆಲವು ದಿನ ಕಳೆದ ಮೇಲೆ ಚಪ್ಪಲಿ ಬೀದಿ ತುದಿಯ ಬೇವಿನ ಮರದ ಕೆಳಗಿತ್ತು. ಆಮೇಲೆ ಊರಾಚೆಯ ಹುಣಸೆ ಮರದ ಹತ್ತಿರ. ಚಪ್ಪಲಿ ದೂರ ಹೋದಂತೆಲ್ಲ ಅತ್ತೆಯ ಬೈಗುಳ ಜೋರಾಯಿತು, ಅದರ ಹಿಂದೆಯೇ ಕಾಲೂ ಚುರುಕಾಯಿತು.

ಮೊನ್ನೆ ಮಾವನ ಮನೆಗೆ ಹೋದರೆ ಬೀಗ! ಗುಡ್ಡದ ಕಡೆ ಓಡಿದೆ. ಬುಡದಲ್ಲಿ ಮಾವನ ಚಪ್ಪಲಿ. ಪಕ್ಕದಲ್ಲಿ ಅತ್ತೆಯದೂ! ಸ್ವಲ್ಪ ಮೇಲಿನ ಚಪ್ಪಟೆ ಬಂಡೆಯ ಮೇಲೆ ಇಬ್ಬರೂ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ಇವತ್ತು ಯಾವ ಕಡೆಯಿಂದ ಇಳೀತೀಯ ಮಾವ?" ಎಂದು ಕೂಗಿದೆ.

ಮಾವ ಅತ್ತೆಗೆ ಕೈ ಕೊಟ್ಟು ಎಬ್ಬಿಸಿದ.

"ಚಪ್ಪಲಿ ಇರೋ ಕಡೆಯಿಂದ್ಲೇ ಕಣಲೇ. ತರೋಳು ಇಲ್ಲೇ ಐದಾಳಲ್ಲ!"